ಒರೆಸಿಬಿಟ್ಟ ವರ್ಷ

ಮನೆಯಿಂದ,
ತಾರೀಖು ೧೪, ಮಂಗಳವಾರ ಮಧ್ಯಾಹ್ನ, ಅಳಿಯಂದಿರು ಮಲಗಿರುವ ಹೊತ್ತು

ಪ್ರೀತಿಯ ಮಗಳೇ,

ನಿನ್ನ ಅಮ್ಮನ ಆಶೀರ್ವಾದ. ಸೊಂಟ ಹೇಗಿದೆ? ಹಡಗಿನಲ್ಲಿ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ ಎಂದು ಹೋದ ಸಲ ಫೋನಿನಲ್ಲಿ ಹೇಳಿದೆ, ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಕಟ್ಟಾಯಿತು. ಅವತ್ತಿನಿಂದ ನನಗೆ ಅದೇ ಯೋಚನೆ. ಬಿಸಿನೀರಿನ ಕಾವು ಕೊಟ್ಟುಕೋ. ಅಷ್ಟು ದೊಡ್ಡ ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಸಿನೀರಿಗೆ ಬರವೇನೂ ಇರಲಾರದು. ಬಗ್ಗುವಾಗ ಮೊಣಕಾಲು ಬಗ್ಗಿಸು, ಸೊಂಟ ಬಗ್ಗಿಸಬೇಡ. ಹೊತ್ತು ಹೊತ್ತಿಗೆ ತಿನ್ನು. ಬೆಳಿಗ್ಗೆ ಎದ್ದು ಒಂದು ಗಳಿಗೆ ದೇವರನ್ನು ನೆನೆ. ಸಮುದ್ರದ ನಡುವೆ ಅವನಿಗಿಂತ ಹತ್ತಿರದವರು ನಿನಗೆ ಇನ್ಯಾರಿದ್ದಾರೆ? ಇಲ್ಲಿ ನಾವೆಲ್ಲರೂ ಆರೋಗ್ಯವಾಗಿದ್ದೇವೆ. ಅಳಿಯಂದಿರ ಕೆಮ್ಮು ಕಡಿಮೆಯಾಗಿದೆ. ಬೇಕರಿಯ ಹಿಟ್ಟಿನ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನು ಹೇಳುವುದು, ಅವರು ತಲೆಯಾಡಿಸುವುದು, ಕಟ್ಟಿಕೊಳ್ಳದೆ ಹೋಗುವುದು, ಇದು ನಡೆದೇ ಇದೆ.

ಆರೋಗ್ಯದ ಮಾತು ಇಲ್ಲಿಗೆ ಮುಗಿಯಿತು. ಇನ್ನು ನಾನು ಸ್ವಲ್ಪ ಸಿಟ್ಟಿನಲ್ಲಿ ಬರೆಯುತ್ತೇನೆ, ನೀನು ಸಮಾಧಾನದಲ್ಲಿ ಓದು. ಕಳೆದ ಗುರುವಾರ ಶಿಕ್ಷಣ ಕಚೇರಿಯಿಂದ ಒಬ್ಬರು ಹೆಂಗಸು ಬಂದಿದ್ದರು. ಮನೆಯಲ್ಲೇ ಓದಿಸುವವರ ಮನೆಗೆ ವರ್ಷಕ್ಕೊಮ್ಮೆ ಬಂದು ನೋಡುತ್ತಾರಂತೆ. ಏನಾಯಿತು ಎಂದು ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಆದರೆ ಹಾಗೆ ಬರೆದರೆ ತಪ್ಪೆಲ್ಲ ನನ್ನ ತಲೆಗೆ ಬರುತ್ತದೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ನೀನು ಮಕ್ಕಳನ್ನು ಶಾಲೆಯಿಂದ ಬಿಡಿಸಿದ್ದು ತಪ್ಪು ಎಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಓದುವಾಗ ತಡವರಿಸುತ್ತಾಳೆ ಎಂದು ದೊಡ್ಡವಳನ್ನು ತರಗತಿಯ ಮುಂದೆ ನಿಲ್ಲಿಸಿ, ಮಿಕ್ಕ ಮಕ್ಕಳ ಕೈಲಿ ನಗಿಸಿದ ಆ ಟೀಚರಮ್ಮನನ್ನು ನೆನೆದರೆ ನನಗೂ ಪಿತ್ತ ನೆತ್ತಿಗೇರುತ್ತದೆ. ದಿನಾ ಬೆಳಿಗ್ಗೆ ಆ ಮಗು ಶಾಲೆಯ ಬ್ಯಾಗು ಕಂಡೊಡನೆ ವಾಂತಿ ಮಾಡುತ್ತಿತ್ತು. "ಇನ್ನು ನನ್ನ ಮಕ್ಕಳು ಈ ಮೆಟ್ಟಿಲು ಹತ್ತೋದಿಲ್ಲ" ಎಂದು ನೀನು ಶಾಲೆಯ ಬಾಗಿಲಲ್ಲಿ ಜಗಳವಾಡಿ, ಇಬ್ಬರನ್ನೂ ಕೈಹಿಡಿದು ಕರೆತಂದೆ. ಒಳ್ಳೆಯದೇ ಮಾಡಿದೆ. ಆಮೇಲೆ ಹಡಗಿನ ಕೆಲಸ ಬಂತು. "ಎರಡು ತಿಂಗಳು ನೋಡ್ಕೋಮ್ಮ, ಅಷ್ಟರಲ್ಲಿ ಏನಾದ್ರೂ ಏರ್ಪಾಡು ಮಾಡ್ತೀನಿ" ಎಂದೆ. ನಾನು ಕೋಳಿಗಳನ್ನು ನನ್ನ ಅಣ್ಣನ ಮನೆಯಲ್ಲಿ ಬಿಟ್ಟು ಬಂದೆ. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಕೋಳಿಗಳು ಈಗ ಅಣ್ಣನ ಮಾತು ಕೇಳುತ್ತವಂತೆ.

ಹಳ್ಳಿಯಲ್ಲಿ ಏಳನೆಯ ತರಗತಿ ಓದಿದವಳು ನಾನು. ಅಕ್ಷರ ಗುಂಡಾಗಿ ಬರೆಯುತ್ತೇನೆ, ಲೆಕ್ಕ ತಪ್ಪುವುದಿಲ್ಲ, ಅಷ್ಟೇ. ನೀನು ಹೋಗುವಾಗ ಗೋಡೆಗೆ ಅಂಟಿಸಿದ ವೇಳಾಪಟ್ಟಿ ಇನ್ನೂ ಅಲ್ಲೇ ಇದೆ. ಹತ್ತರಿಂದ ಹತ್ತೂವರೆಯವರೆಗೆ ಪ್ರಕೃತಿ ವೀಕ್ಷಣೆ ಎಂದು ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದೀಯ. ಯಾವ ಪ್ರಕೃತಿ ಕಣೇ? ಕಿಟಕಿ ತೆರೆದರೆ ಟೈರು ಅಂಗಡಿಯ ಹಿಂಗೋಡೆ, ಒಂದು ನೀರಿನ ಪೈಪು, ಪೈಪಿನ ಮೇಲೆ ಒಂದು ಬೆಕ್ಕು. ಆ ಬೆಕ್ಕನ್ನು ಎಷ್ಟು ದಿನ ಅಂತ ವೀಕ್ಷಿಸುವುದು? ಈಗ ಅದೇ ನಮ್ಮನ್ನು ವೀಕ್ಷಿಸುತ್ತದೆ. ಸ್ವಲ್ಪ ಹೊತ್ತು ನೋಡಿ, ಬೇಜಾರಾಗಿ ಎದ್ದು ಹೋಗುತ್ತದೆ.

ಫೋನಿನಲ್ಲಿ ಪಾಠ ಹೇಳುವ ಆ ನಗುಮುಖದ ಹೆಂಗಸಿದ್ದಾಳಲ್ಲ, ತಪ್ಪದೆ ನೋಡಿ ಎಂದು ನೀನು ಹೇಳಿದ್ದೆಯಲ್ಲ, ಅವಳ ಮಾತು ಎತ್ತಬೇಡ. "ಮನೆಯಲ್ಲಿ ಇರೋ ಸಾಮಾನಿನಿಂದಲೇ, ಒಂದು ಕಾಸೂ ಖರ್ಚಿಲ್ಲದೆ" ಎಂದು ಶುರುಮಾಡುತ್ತಾಳೆ. ಆಮೇಲೆ ಅವಳ ಮನೆಯಲ್ಲಿ ಇರುವ ಸಾಮಾನು ನೋಡಬೇಕು. ಹತ್ತು ಬಣ್ಣದ ಕಾಗದ, ಅಂಟಿನ ಯಂತ್ರ, ಗಾಜಿನ ಜಾಡಿಗಳ ಸಾಲು. ಮೊನ್ನೆ ಆರು ಮೊಟ್ಟೆ ತೆಗೆದುಕೊಂಡು ಒಂದೊಂದನ್ನೂ ಒಂದೊಂದು ಬಗೆಯ ನೀರಿನಲ್ಲಿ ಬಿಟ್ಟು, ಕೊನೆಗೆ ಒಡೆದು ತೋರಿಸಿ ಅಂದಳು. ನಮ್ಮ ಮನೆಯಲ್ಲಿ ಮೊಟ್ಟೆ ಒಡೆದರೆ ಅದು ವಿಜ್ಞಾನವಲ್ಲ, ಊಟ. ಕೆಳಗಿನ ಮನೆಯ ಹೊಲಿಗೆಯವಳು ಬೇರೆ, ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಮಕ್ಕಳನ್ನ ಮನೇಲೇ ಕೂಡಿ ಹಾಕಿದ್ದೀರಲ್ಲಕ್ಕಾ, ಕಾವು ಕೊಟ್ಟು ಮರಿ ಮಾಡಿಸ್ತೀರಾ?" ಎಂದು ನಗುತ್ತಾಳೆ. ನಗಲಿ. ಅವಳೇ ತನ್ನ ಮಗನ ಹಳೆಯ ಅಭ್ಯಾಸ ಪುಸ್ತಕಗಳನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟಳು, ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಆದರೆ ಅವಳ ಮಗ ಎಲ್ಲ ಪ್ರಶ್ನೆಗೂ ಪೆನ್ನಿನಲ್ಲಿ ಉತ್ತರ ಬರೆದುಬಿಟ್ಟಿದ್ದಾನೆ. ಅದರಲ್ಲಿ ಅರ್ಧ ತಪ್ಪು. ನಿನ್ನ ಮಗನನ್ನು, ಅದೇ ನಮ್ಮ ಪಟಾಕಿಯನ್ನು, ಏನು ಕೇಳಿದರೂ "ಬುಕ್ಕಲ್ಲೇ ಇದೆಯಲ್ಲಜ್ಜಿ" ಎನ್ನುತ್ತಾನೆ. ಅಚ್ಚಾದ ಪುಸ್ತಕದಲ್ಲಿ ಇರುವುದು ತಪ್ಪು ಎಂದು ಏಳು ವರ್ಷದವನಿಗೆ ತಿಳಿಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ.

ಗಂಟಲು ಎಂದರೆ ಅದೂ ಪಿಸುಮಾತಿನ ಗಂಟಲು. ಇದನ್ನು ನಾನು ಫೋನಿನಲ್ಲಿ ಯಾವತ್ತೂ ಹೇಳಿಲ್ಲ, ನಿನ್ನ ಗಂಡನ ಮೇಲೆ ದೂರು ಹೇಳಿದ ಹಾಗಾಗುತ್ತದೆ ಎಂದು. ದೂರಲ್ಲ. ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಬಂದ ಮನುಷ್ಯ ಹಗಲು ಮಲಗಲೇಬೇಕು. ಇರುವುದು ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಆದ್ದರಿಂದ ನಮ್ಮ ಶಾಲೆ ಅಡುಗೆಮನೆಯ ನೆಲದ ಮೇಲೆ, ಪಿಸುಮಾತಿನಲ್ಲಿ ನಡೆಯುತ್ತದೆ. ಬೆಳಗಿನ ಪ್ರಾರ್ಥನೆಯೂ ಪಿಸುಮಾತು, ಮಗ್ಗಿಯೂ ಪಿಸುಮಾತು, ಬೈಗುಳವೂ ಪಿಸುಮಾತು. ಪಿಸುಮಾತಿನಲ್ಲಿ ಬೈದರೆ ಯಾವ ಮಗು ಹೆದರುತ್ತದೆ ಹೇಳು? ಪಟಾಕಿ ನಗುತ್ತಾನೆ. ದೇವರ ಹತ್ತಿರ ದಿನಾ ತಾಳ್ಮೆ ಕೊಡಪ್ಪಾ ಎಂದು ಕೇಳಿಕೊಳ್ಳುತ್ತೇನೆ. ಅವನು ತಾಳ್ಮೆ ಕೊಡುವ ಬದಲು ಪಟಾಕಿಯನ್ನು ನನ್ನ ಪಕ್ಕಕ್ಕೆ ಕಳಿಸುತ್ತಾನೆ, ಇದ್ದಷ್ಟರಲ್ಲೇ ಅಭ್ಯಾಸ ಮಾಡಿಕೋ ಎಂದು.

ಈಗ ವಿಷಯಕ್ಕೆ ಬರುತ್ತೇನೆ. ನೋಟುಬುಕ್ಕು ಎಷ್ಟು ಬೇಗ ಮುಗಿಯುತ್ತದೆ ಎಂದು ನಿನಗೆ ಗೊತ್ತಿಲ್ಲ, ಏಕೆಂದರೆ ನೀನಿದ್ದಾಗ ಅದು ಶಾಲೆಯಿಂದ ಬರುತ್ತಿತ್ತು. ಪಟಾಕಿ ಒಂದು ಆನೆ ಬರೆದರೆ ಒಂದು ಹಾಳೆ ಮುಗಿಯುತ್ತದೆ, ಬಾಲಕ್ಕೆ ಇನ್ನೊಂದು ಹಾಳೆ ಬೇಕಾಗುತ್ತದೆ. ಹಾಗಾಗಿ ನಾನು ಒಂದು ದಾರಿ ಮಾಡಿಕೊಂಡೆ. ಅಡುಗೆಮನೆಯ ಸಿಮೆಂಟು ನೆಲ ಕಪ್ಪಗೆ ನುಣ್ಣಗಿದೆ, ಹೊಲಿಗೆಯವಳ ಹತ್ತಿರ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಚೂರುಗಳು ಬೇಕಾದಷ್ಟು. ಒಲೆಯಿಂದ ಬಾಗಿಲವರೆಗೆ ದೊಡ್ಡವಳದು, ಬಾಗಿಲಿಂದ ಬಚ್ಚಲವರೆಗೆ ಪಟಾಕಿಯದು. ಮೊಣಕಾಲೂರಿ ಬರೆಯುತ್ತಾ ಹೋಗುವುದು, ನಾನು ಹಿಂದೆಯೇ ಕುಕ್ಕರಗಾಲಲ್ಲಿ ತಿದ್ದುತ್ತಾ ಹೋಗುವುದು. ಅಡುಗೆಗೆ ಮುಂಚೆ ಒದ್ದೆ ಬಟ್ಟೆ ತೆಗೆದುಕೊಂಡು ಎಲ್ಲವನ್ನೂ ಒರೆಸಿಬಿಡುವುದು. ಭಿನ್ನರಾಶಿಯೆಲ್ಲ ದೊಡ್ಡವಳು ಆ ನೆಲದ ಮೇಲೆಯೇ ಕಲಿತದ್ದು. ಮೊದಲು ನಾನು ಬೆಳಿಗ್ಗೆ ಮಕ್ಕಳು ಏಳುವ ಮುಂಚೆ ಕಲಿಯುತ್ತಿದ್ದೆ, ಆಮೇಲೆ ಅವಳಿಗೆ ಹೇಳುತ್ತಿದ್ದೆ. ಕೆಲವು ದಿನ ಅವಳೇ ನನಗೆ ಹೇಳಿಕೊಟ್ಟದ್ದೂ ಉಂಟು. ನೋಟುಬುಕ್ಕು ಎರಡು ಇದ್ದವು. ಅದರಲ್ಲಿ ಪೆನ್ಸಿಲಿನಲ್ಲಿ ಬರೆಸುವುದು, ತಿದ್ದುವುದು, ಪುಸ್ತಕ ತುಂಬಿದ ಮೇಲೆ ರಬ್ಬರಿನಲ್ಲಿ ಒರೆಸಿ ಮತ್ತೆ ಮೊದಲ ಹಾಳೆಯಿಂದ ಶುರು. ಅಕ್ಷರ ಮಗುವಿನ ತಲೆಗೆ ಹೋದ ಮೇಲೆ ಕಾಗದದ ಮೇಲೆ ಯಾಕೆ ಬೇಕು? ನಾನು ಹಾಗೆ ಅಂದುಕೊಂಡೆ. ಈಗಲೂ ಹಾಗೇ ಅನಿಸುತ್ತದೆ.

ಕಚೇರಿಯವರು ಬರುತ್ತಾರೆ ಎಂದು ಗೊತ್ತಾದಾಗ ನಾನು ಏನು ಮಾಡಿರಬಹುದು, ನೀನೇ ಹೇಳು. ನಿನ್ನ ಅಮ್ಮನಲ್ಲವೇ? ಮನೆಗೆ ಒಬ್ಬರು ಬರುವಾಗ ಮನೆ ಚೊಕ್ಕಟವಾಗಿರಬೇಡವೇ? ಹಿಂದಿನ ದಿನ ಬ್ರಷ್ಷು, ಸೋಪು ತೆಗೆದುಕೊಂಡು ನೆಲವನ್ನು ಉಜ್ಜಿ ಉಜ್ಜಿ ಸೀಮೆಸುಣ್ಣದ ಒಂದು ಗೆರೆಯೂ ಉಳಿಯದ ಹಾಗೆ ತೊಳೆದೆ. ಎರಡು ನೋಟುಬುಕ್ಕುಗಳನ್ನೂ ಮಕ್ಕಳ ಕೈಯಲ್ಲಿ ಒಂದೊಂದು ಹಾಳೆಯಾಗಿ ಒರೆಸಿಸಿದೆ. ಸುಕ್ಕಾದ ಹಾಳೆಗಳ ಮೇಲೆ ಇಸ್ತ್ರಿಪೆಟ್ಟಿಗೆ ಕೂಡ ಆಡಿಸಿದೆ. ಮೇಜಿನ ಮೇಲೆ ಜೋಡಿಸಿಟ್ಟಾಗ ಹೊಸದರ ಹಾಗೆ ಕಾಣುತ್ತಿದ್ದವು. ಹೆಮ್ಮೆಯಾಯಿತು.

ಆ ಹೆಂಗಸು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ನಿನ್ನ ವಯಸ್ಸಿನವರು, ಬಿಸಿಲಲ್ಲಿ ನಡೆದು ಬಂದಿದ್ದರು. ನೀರು ಕೊಟ್ಟೆ, ಇರುವ ಒಂದು ಕುರ್ಚಿ ಕೊಟ್ಟೆ. ಅಳಿಯಂದಿರು ನಿದ್ದೆಗಣ್ಣಿನಲ್ಲೇ ಶರ್ಟು ಹಾಕಿಕೊಂಡು ಪರದೆಯ ಪಕ್ಕ ನಿಂತರು. ಆಕೆ ಮೊದಲು ಕೇಳಿದ್ದೇ "ಮಕ್ಕಳು ಈ ವರ್ಷ ಬರೆದದ್ದನ್ನೆಲ್ಲ ತೋರಿಸಿ" ಎಂದು. ಪುಸ್ತಕ ಕೊಟ್ಟೆ. ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಅಮ್ಮಾ, ಇದರಲ್ಲಿ ಏನೂ ಇಲ್ವಲ್ಲ" ಎಂದರು. ಒರೆಸಿದ್ದೇವೆ ಎಂದೆ. ಮಿಕ್ಕದ್ದು ಎಲ್ಲಿ ಎಂದರು. ನೆಲದ ಮೇಲೆ ಬರೆದದ್ದು ಎಂದೆ. ಆಕೆ ನೆಲ ನೋಡಿದರು. ನಾನೂ ನೋಡಿದೆ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಗಳೇ, ನನ್ನ ಜನ್ಮದಲ್ಲಿ ಒಂದು ಚೊಕ್ಕಟವಾದ ನೆಲವನ್ನು ನೋಡಿ ನಾನು ಅಷ್ಟು ಸಂಕಟಪಟ್ಟದ್ದಿಲ್ಲ. ಅಳಿಯಂದಿರು ಏನೋ ಹೇಳಲು ಹೋಗಿ ಕೆಮ್ಮಿದರು. ನೀನು ಗೋಡೆಯ ಮೇಲೆ ಏನೆಲ್ಲ ಬರೆದಿದ್ದೀಯ, ಹಾಡು, ಚಿತ್ರ, ವ್ಯಾಯಾಮ, ಮನಸ್ಸಿಗೆ ಬಂದದ್ದನ್ನು ಮಾಡುವ ಹೊತ್ತು ಎಂದು ಕೂಡ ಬರೆದಿದ್ದೀಯ. ಬರೆದದ್ದನ್ನು ಉಳಿಸಿಡಿ, ಯಾರಾದರೂ ಕೇಳುತ್ತಾರೆ ಎಂದು ಎಲ್ಲಾದರೂ ಒಂದು ಮಾತು ಬರೆದಿದ್ದೀಯಾ?

ಆಮೇಲೆ ಆಕೆ ಮಕ್ಕಳನ್ನೇ ಕೇಳಿದರು. ಇವತ್ತು ಅಪ್ಪ ಎದ್ದಿದ್ದಾರೆ, ಜೋರಾಗಿ ಮಾತಾಡಬಹುದು ಎಂದು ಪಟಾಕಿಗೆ ಗೊತ್ತಾಗಿಬಿಟ್ಟಿತ್ತು. ವರ್ಷದಿಂದ ಅದುಮಿಟ್ಟದ್ದೆಲ್ಲ ಒಟ್ಟಿಗೆ ಸಿಡಿಯಿತು. "ಎಂಟೇಳ್ಲ ಎಷ್ಟು?" ಎಂದರೆ "ಐವತ್ನಾಲ್ಕು" ಎಂದು ಟೈರು ಅಂಗಡಿಯವರಿಗೂ ಕೇಳುವ ಹಾಗೆ ಕೂಗಿದ. ಹೊಲಿಗೆಯವಳ ಮಗ ಬರೆದಿಟ್ಟ ಉತ್ತರ ಅದು. ಸರಿಯಾದ ಉತ್ತರ ಅವನಿಗೆ ಗೊತ್ತಿಲ್ಲದೆ ಇಲ್ಲ, ನನ್ನ ಹತ್ತಿರ ನೂರು ಸಲ ಹೇಳಿದ್ದಾನೆ. ದೊಡ್ಡವಳಿಗೆ ಆಕೆ ತಾವೇ ತಂದ ಪುಸ್ತಕ ಕೊಟ್ಟು ಓದು ಎಂದರು. ನಾನು ದೇವರನ್ನು ನೆನೆದೆ. ಓದಿದಳು ಕಣೇ. ಒಂದು ಪುಟ ಪೂರ್ತಿ, ಎಲ್ಲೂ ನಿಲ್ಲದೆ, ಎಲ್ಲೂ ಎಡವದೆ ಓದಿದಳು. ಆದರೆ ಪಿಸುಮಾತಿನಲ್ಲಿ ಓದಿದಳು. "ಸ್ವಲ್ಪ ಜೋರಾಗಿ ಓದು ಪುಟ್ಟಿ" ಎಂದರು ಆಕೆ. ನಿನ್ನ ಮಗಳು ಪರದೆಯ ಕಡೆ ನೋಡಿದಳು. ಅಪ್ಪ ಅಲ್ಲೇ ಎದುರಿಗೆ ನಿಂತಿದ್ದಾರೆ, ಎದ್ದೇ ಇದ್ದಾರೆ, "ಓದಮ್ಮಾ" ಎಂದು ಅವರೂ ಹೇಳುತ್ತಿದ್ದಾರೆ. ಆದರೂ ಅವಳ ಗಂಟಲಿನಿಂದ ಜೋರು ದನಿ ಹೊರಡಲಿಲ್ಲ. ಕೊನೆಗೆ ಆಕೆಯೇ ಕುರ್ಚಿಯಿಂದ ಎದ್ದು ನೆಲದ ಮೇಲೆ ಕುಳಿತು, ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿಸಿಕೊಂಡರು. ನಿನ್ನ ಗಂಡ ಮುಖ ಆ ಕಡೆ ತಿರುಗಿಸಿಕೊಂಡರು.

ಕೊನೆಗೆ ತೀರ್ಮಾನ ಇದು. ಕಚೇರಿಗೆ ಕಾಗದ ಬೇಕು, ಕಿವಿಯಲ್ಲಿ ಕೇಳಿದ್ದನ್ನು ತಮ್ಮ ಮೇಲಿನವರಿಗೆ ತೋರಿಸಲಾಗುವುದಿಲ್ಲ ಎಂದರು. ತಿಂಗಳ ಕೊನೆಗೆ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಎಲ್ಲ ಪಾಠದ ಬರವಣಿಗೆ ತೋರಿಸಬೇಕು. ಇಲ್ಲದಿದ್ದರೆ ಮಕ್ಕಳನ್ನು ಶಾಲೆಗೆ ಸೇರಿಸಲೇಬೇಕು. ಹಳೆಯ ಶಾಲೆಯೇ ಆಗಬೇಕೆಂದಿಲ್ಲ, ನೀರಿನ ಟ್ಯಾಂಕಿನ ಹಿಂದೆ ಇನ್ನೊಂದು ಇದೆ, ಚಿಕ್ಕದು, ಫೀಸಿಲ್ಲ ಎಂದರು. ಹೋಗುವಾಗ ಇಬ್ಬರು ಮಕ್ಕಳ ತಲೆಯನ್ನೂ ಸವರಿ ಹೋದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಒಂದು ನೆಪವನ್ನೂ ಬಿಟ್ಟು ಹೋಗಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು.

ಹಾಗಾಗಿ ಈಗ ನಾವು ಇಡೀ ವರ್ಷವನ್ನು ಮತ್ತೆ ಬರೆಯುತ್ತಿದ್ದೇವೆ. ಅಳಿಯಂದಿರು ಬೇಕರಿಯಿಂದ ಹಿಟ್ಟಿನ ಖಾಲಿ ಕಾಗದದ ಚೀಲಗಳನ್ನು ತರುತ್ತಾರೆ. ಬಿಚ್ಚಿ, ಕೊಡವಿ, ಕತ್ತರಿಸಿ ಕೊಟ್ಟರೆ ಹೊಲಿಗೆಯವಳು ಮಿಷನ್ನಿನಲ್ಲಿ ನಡುವೆ ಒಂದು ಹೊಲಿಗೆ ಹಾಕಿ ಪುಸ್ತಕ ಮಾಡಿಕೊಡುತ್ತಾಳೆ. ಈ ಸಲ ಪೆನ್ನಿನಲ್ಲೇ ಬರೆಯಬೇಕು, ರಬ್ಬರು ಮುಟ್ಟಬಾರದು ಎಂದು ಆಜ್ಞೆ ಮಾಡಿದ್ದೇನೆ. ತಪ್ಪಾದರೂ ಇರಲಿ, ಕಾಣಲಿ. ಪಟಾಕಿ ಮೂಗಿನ ತುದಿಗೆಲ್ಲ ಶಾಯಿ ಮಾಡಿಕೊಂಡು ಗೊಣಗುತ್ತಾ ಬರೆಯುತ್ತಾನೆ, "ಗೊತ್ತಿರೋದನ್ನೇ ಯಾಕೆ ಬರೀಬೇಕಜ್ಜಿ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾನೆ. ನನ್ನದೇ ಮಾತು ಅದು. ದೊಡ್ಡವಳು ಗೊಣಗುವುದಿಲ್ಲ. ಹೇಳಿದ್ದನ್ನು ಬರೆಯುತ್ತಾಳೆ, ಕೈ ಕೊಡವಿಕೊಳ್ಳುತ್ತಾಳೆ, ಮತ್ತೆ ಬರೆಯುತ್ತಾಳೆ. ನನಗೆ ಬೆರಳು ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಎಲ್ಲರ ಮೇಲೂ ರೇಗುತ್ತೇನೆ, ಆಮೇಲೆ ದೇವರ ಮುಂದೆ ಕುಳಿತು ತಪ್ಪಾಯಿತು ಎನ್ನುತ್ತೇನೆ. ನಿನ್ನ ಮೇಲೂ ಈ ಕಾಗದದಲ್ಲಿ ಬೇಕಾದಷ್ಟು ರೇಗಿದ್ದೇನೆ. ಯಾರ ಮೇಲೆ ರೇಗಲಿ ಮತ್ತೆ? ನೀನು ಅಲ್ಲಿ ಬೇರೆಯವರ ಚಾದರ ಒಗೆದು ಕಳಿಸುವ ದುಡ್ಡಿನಲ್ಲೇ ಈ ಮನೆ ನಿಂತಿದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿರುವುದರಿಂದಲೇ ಸಿಟ್ಟು ಬಂದರೂ ಪೂರ್ತಿ ಬರುವುದಿಲ್ಲ.

ಇಷ್ಟು ಸಾಕು. ಪರದೆಯ ಆಚೆ ಮಂಚ ಕಿರುಗುಟ್ಟಿತು, ಅಳಿಯಂದಿರು ಏಳುವ ಹೊತ್ತಾಯಿತು, ಅವರ ಕೈಯಲ್ಲೇ ಇದನ್ನು ಅಂಚೆಗೆ ಕೊಟ್ಟು ಕಳಿಸುತ್ತೇನೆ. ಕಂಪನಿಯವರು ಮುಂದಿನ ಬಂದರಿನಲ್ಲಿ ನಿನಗೆ ತಲುಪಿಸುತ್ತಾರೆಂದು ನಂಬಿದ್ದೇನೆ. ದೇವರು ನಿನ್ನ ಹಡಗನ್ನೂ ನಿನ್ನ ಸೊಂಟವನ್ನೂ ಕಾಪಾಡಲಿ. ನಿನ್ನ ಜೊತೆ ಕೆಲಸ ಮಾಡುವ ಆ ಹುಡುಗಿಗೂ, ನಿನಗೆ ಜ್ವರ ಬಂದಾಗ ನೋಡಿಕೊಂಡಳಲ್ಲ, ಅವಳಿಗೂ ನನ್ನ ಆಶೀರ್ವಾದ ಹೇಳು. ಪಟಾಕಿ ಒಂದು ಆನೆ ಕಳಿಸಿದ್ದಾನೆ, ಬಾಲ ಹಾಳೆಯ ಹಿಂದೆ ಇದೆ.

ಇಂತಿ,
ನಿನ್ನ ಹಿತವನ್ನೇ ಬಯಸುವ
ಅಮ್ಮ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಳಿಯಂದಿರು ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಕಚೇರಿಯವರು ಬಂದ ದಿನ ನಾನು ನೀರು ತರಲು ಹೋದಾಗ ಆಕೆ ದೊಡ್ಡವಳನ್ನು ನಿನಗೇನು ಇಷ್ಟ ಎಂದು ಕೇಳಿದರಂತೆ. ಶಾಲೆಗೆ ಹೋಗ್ತೀನಿ ಎಂದಳಂತೆ. ಮೊನ್ನೆ ಬರೆಯುತ್ತಾ ಕುಳಿತವಳು ತಾನಾಗಿಯೇ ನನಗೆ ಹೇಳಿದಳು. ವಾಂತಿ ಬಂದರೆ ಏನು ಮಾಡ್ತೀಯೇ ಎಂದೆ. "ಬಂದ್ರೆ ಬರ್ಲಿ ಅಜ್ಜಿ. ಇಲ್ಲಿ ನಂಗೆ ಓದೋಕೆ ಬರುತ್ತೆ. ಅಲ್ಲೂ ಬರುತ್ತಾ ಅಂತ ನೋಡ್ಬೇಕು" ಎಂದಳು. ನಿನಗೆ ಮಾತ್ರ ಹೇಳಬಾರದಂತೆ. "ಅಮ್ಮ ನಂಗೋಸ್ಕರ ಜಗಳ ಆಡಿದ್ಲು, ಬೇಜಾರು ಮಾಡ್ಕೋತಾಳೆ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಈಗ ಮುರಿದಿದ್ದೇನೆ, ಅದನ್ನು ದೇವರ ಹತ್ತಿರ ನಾನು ನೋಡಿಕೊಳ್ಳುತ್ತೇನೆ. ನೀರಿನ ಟ್ಯಾಂಕಿನ ಹಿಂದಿನ ಶಾಲೆಯ ಅರ್ಜಿ ಇದರ ಜೊತೆ ಇದೆ. ಅಳಿಯಂದಿರ ಸಹಿಯೊಂದೇ ಸಾಕಂತೆ. ಅವರು ಹಾಕಲಿಲ್ಲ. "ನಿಮ್ಮ ಮಗಳನ್ನ ಕೇಳದೆ ಹಾಕಲ್ಲ ಅತ್ತೆ" ಎಂದು ಪೆನ್ನು ನನ್ನ ಕೈಗೇ ವಾಪಸು ಕೊಟ್ಟರು. ನೀನು ಹ್ಞೂ ಅಂದರೂ ಸರಿ, ಊಹ್ಞೂ ಅಂದರೂ ಸರಿ, ನನಗೆ ಉತ್ತರ ಬರೆಯಬೇಡ, ದೊಡ್ಡವಳಿಗೇ ಬರೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯಬೇಕಾಗಿಲ್ಲ. ನೀನು ಹೇಗೆ ಬರೆದರೂ ಅವಳು ಓದಿಕೊಳ್ಳುತ್ತಾಳೆ.